ಮಂಡ್ಯ ಸೀಮೆಯ ಹಳ್ಳಿಯಲ್ಲಿ ಎರಡು ದಿನ: ಕೊಠಡಿ ಕಾದಿರಿಸುವ ಮುನ್ನ ನಾಲೆಯ ನೀರು ವಿಚಾರಿಸಿ

ಮಂಡ್ಯ: ಬೆಂಗಳೂರು-ಮೈಸೂರು ದಶಪಥ ರಸ್ತೆ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಗೊಂಡಿತು. ಅಂದಿನಿಂದ ಮದ್ದೂರು, ಮಂಡ್ಯ ಎರಡೂ ಪಟ್ಟಣಗಳು ಕಾರಿನಲ್ಲಿ ಹೋಗುವವರ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಬೈಪಾಸಿನ ಮೇಲೆ ವಾಹನಗಳು ಹಾರಿಹೋಗುತ್ತವೆ. ಹಳೆಯ ಹೆದ್ದಾರಿಯ ಬದಿಯ ಹೋಟೆಲುಗಳು, ಎಳನೀರಿನ ಅಂಗಡಿಗಳು ಗಿರಾಕಿಗಳಿಗಾಗಿ ಕಾಯುತ್ತವೆ. ಹಾಗೆಂದು ಈ ಸೀಮೆಗೆ ಬರುವವರೇ ಇಲ್ಲವೆಂದಲ್ಲ. ಹಾದುಹೋಗುವವರು ಕಡಿಮೆಯಾದರೂ ಉಳಿಯಲು ಬರುವವರು ಇದ್ದಾರೆ. ವಾರದ ಕೊನೆಗೆ ದೂರದ ಗಿರಿಧಾಮಕ್ಕೆ ಹೋಗುವ ಬದಲು ಮನೆಯಿಂದ ಎರಡು ಗಂಟೆಯ ಹಾದಿಯ ಹಳ್ಳಿಯೊಂದರಲ್ಲಿ ತಂಗಿ, ಗದ್ದೆಯ ಬದುವಿನ ಮೇಲೆ ನಡೆದು, ಮುದ್ದೆ ಉಂಡು ಮರಳುವ ಅಭ್ಯಾಸ 2020ರ ಕೊರೊನಾ ಕಾಲದ ನಂತರ ನಗರದ ಕುಟುಂಬಗಳಲ್ಲಿ ಬೇರೂರಿದೆ. ‘ಸ್ಟೇಕೇಷನ್’ ಎಂಬ ಪದವೂ ಅದರೊಡನೆಯೇ ಬಂದಿತು.

ಆದರೆ ಇಂಗ್ಲೆಂಡಿನ ಕಣಿವೆಯೊಂದರಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ನೋಡಬೇಕಾದದ್ದು ರಜೆಯ ಪಟ್ಟಿಯನ್ನಷ್ಟೆ. ಅಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ, ಹುಲ್ಲು ಸದಾ ಹಸಿರಾಗಿರುತ್ತದೆ. ಮಂಡ್ಯದ ಮಾತು ಬೇರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಆ ಮಳೆಯೊಂದನ್ನೇ ನಂಬಿದ್ದರೆ ಈ ನೆಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದವೇ ಹೊರತು ಕಣ್ಣು ಹಾಯುವವರೆಗೆ ಭತ್ತ, ಕಬ್ಬು ಕಾಣುತ್ತಿರಲಿಲ್ಲ. ಚಿತ್ರಗಳಲ್ಲಿ ಕಾಣುವ ಮಂಡ್ಯದ ಹಸಿರು ನಾಲೆಯ ಹಸಿರು. ನಾಲೆಯಲ್ಲಿ ನೀರಿದ್ದಾಗ ಒಂದು ಊರು, ಇಲ್ಲದಾಗ ಅದೇ ಊರು ಮತ್ತೊಂದು. ಇದನ್ನು ತಿಳಿಯದೆ ಏಪ್ರಿಲ್ ತಿಂಗಳಲ್ಲಿ ‘ಗದ್ದೆಯ ನಡುವಿನ ಮನೆ’ ಹುಡುಕಿ ಬಂದವರಿಗೆ ಬಿರುಕು ಬಿಟ್ಟ ಮಣ್ಣು, ಒಣಗಿದ ಕೂಳೆ ಎದುರಾದರೆ ಅದಕ್ಕೆ ಮನೆಯವರನ್ನು ದೂರಿ ಫಲವಿಲ್ಲ.

ನೀರಿನ ಪಂಚಾಂಗ

ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಶಿವನಸಮುದ್ರದ ವಿದ್ಯುದಾಗಾರಕ್ಕೆ, ಅದರ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ, ಬೇಸಿಗೆಯಲ್ಲೂ ಎಡೆಬಿಡದೆ ನೀರು ಒದಗಬೇಕೆಂಬುದು ಅದರ ಹಿಂದಿದ್ದ ಬಲವಾದ ಕಾರಣಗಳಲ್ಲೊಂದು. ಮಂಡ್ಯದ ಭಾಗ್ಯ ತೆರೆದದ್ದು ಎಡದಂಡೆಯ ದೊಡ್ಡ ನಾಲೆ ಬಂದ ಮೇಲೆ. ಅಂದಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆಯಲ್ಪಟ್ಟ ಅದು ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಜನರ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆಯ ಸುರಂಗವನ್ನು ಹಾದು ಬರುವ ಈ ನೀರು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಕವಲೊಡೆಯುತ್ತದೆ. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1939ರ ಜುಲೈ 1ರಂದು ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಈ ಜಿಲ್ಲೆಯಲ್ಲಿ ಮಳೆಗಾಲದ ಬೆಳಗು ಆರಂಭವಾಗುವುದೇ ಈ ಸಂಖ್ಯೆಯಿಂದ. ಪತ್ರಿಕೆಯಲ್ಲಿ ಜನ ಮೊದಲು ಹುಡುಕುವುದು ಕಟ್ಟೆಯ ನೀರಿನ ಮಟ್ಟವನ್ನು. ಕೊಡಗಿನಲ್ಲಿ ಮುಂಗಾರು ಹಿಡಿದು ಮಟ್ಟ ಏರತೊಡಗಿದ ಮೇಲೆ, ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿದ ಬಳಿಕ ನಾಲೆಗೆ ನೀರು ಹರಿಯುತ್ತದೆ. ಸಾಮಾನ್ಯವಾಗಿ ಅದು ಜುಲೈ ಅಥವಾ ಆಗಸ್ಟ್. ಆದರೆ ‘ಸಾಮಾನ್ಯವಾಗಿ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. 2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. ಗದ್ದೆಗಳು ಪಾಳುಬಿದ್ದವು, ಕಾವೇರಿ ಚಳವಳಿಗೆ ಮಂಡ್ಯದ ಬೀದಿಗಳು ಮತ್ತೆ ತುಂಬಿದವು. ಎರಡು ವರ್ಷ ಕಳೆದು 2025ರಲ್ಲಿ ಕಟ್ಟೆ ಜೂನ್ ಅಂತ್ಯಕ್ಕೇ ತುಂಬಿತು. ಅಣೆಕಟ್ಟೆಯ ಇತಿಹಾಸದಲ್ಲಿ ಜೂನ್ ತಿಂಗಳಲ್ಲಿ ಅದು ಭರ್ತಿಯಾದದ್ದು ಅದೇ ಮೊದಲು.

ಪ್ರವಾಸಿಗರು ಗಮನಿಸದ ಇನ್ನೊಂದು ಸಂಗತಿಯಿದೆ. ನೀರು ಬಿಟ್ಟ ದಿನವೇ ಎಲ್ಲೆಡೆ ನಾಟಿ ಆರಂಭವಾಗುವುದಿಲ್ಲ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹುಭಾಗ ನಾಲೆಯ ಕೊನೆಯಂಚಿನಲ್ಲಿದೆ. ಮೇಲ್ಭಾಗದ ಗದ್ದೆಗಳು ತುಂಬಿ, ಕೆರೆಗಳು ಕುಡಿದು, ಮಿಕ್ಕಿದ್ದು ಕೊನೆಯ ತೂಬಿಗೆ ಬರಬೇಕು. ‘ಕೊನೆ ಭಾಗಕ್ಕೆ ನೀರು ತಲುಪಿಲ್ಲ’ ಎಂಬ ಪ್ರತಿಭಟನೆಯ ಸುದ್ದಿ ವರ್ಷವೂ ಬರುವುದು ಈ ಕಾರಣಕ್ಕೆ. ಹಾಗಾಗಿ ಮಂಡ್ಯದ ಸುತ್ತ ಪೈರು ಬೇರು ಹಿಡಿದು ಹಸಿರಾಗಿರುವಾಗ ಮಳವಳ್ಳಿಯ ಕಡೆ ಇನ್ನೂ ಸಸಿಮಡಿಯೇ ಇರಬಹುದು. ಮಕ್ಕಳಿಗೆ ನಾಟಿ ತೋರಿಸಬೇಕೆಂದು ಬಂದು ತಡವಾಯಿತೆಂದು ಪೇಚಾಡುವವರು ಒಂದಷ್ಟು ಮೈಲಿ ಕೆಳಕ್ಕೆ ಹೋದರೆ ಸಾಕು.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಈ ಸೀಮೆ ಅತ್ಯಂತ ಸೊಗಸಾಗಿರುತ್ತದೆ. ಡಿಸೆಂಬರ್‌ನಲ್ಲಿ ಕಟಾವು, ಅದರ ಬೆನ್ನಿಗೆ ಸಂಕ್ರಾಂತಿ. ದನಕರುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಹುಲ್ಲಿಗೆ ಕಿಚ್ಚಿಟ್ಟು ಅದರ ಮೇಲೆ ಹಾಯಿಸುವ ಆಚರಣೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಒಂದೇ ಬಾರಿ ಬರಲು ಸಾಧ್ಯವಿರುವವರಿಗೆ ಈ ದಿನವೇ ಲೇಸು. ಆದರೆ ಅಂದು ಮನೆಯವರಿಗೂ ಹಬ್ಬ ಎಂಬುದನ್ನು ಮರೆಯಬಾರದು. ಕರೆದ ತಕ್ಷಣ ಕಾಫಿ ಬರಲಿಕ್ಕಿಲ್ಲ. ಅನಂತರದ ತಿಂಗಳುಗಳಲ್ಲಿ ಬೇಸಿಗೆ ಬೆಳೆಗೆ ನೀರು ಸಿಗುವುದಾದರೆ ಅದು ಬಹುಪಾಲು ‘ಕಟ್ಟು’ ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ.

ಎಲ್ಲಿ ತಂಗುವುದು?

ಮಂಡ್ಯ ನಗರವನ್ನೇ ನೆಲೆಯಾಗಿಸಿಕೊಂಡರೆ ಅನುಕೂಲ ಹೆಚ್ಚು, ಹಳ್ಳಿ ಕಡಿಮೆ. ರೈಲು, ಬಸ್ಸು, ಆಸ್ಪತ್ರೆ ಎಲ್ಲವೂ ಹತ್ತಿರವಿರಬೇಕೆನ್ನುವ ಹಿರಿಯರಿರುವ ಕುಟುಂಬಕ್ಕೆ ಇದು ಸರಿ. ಅಲ್ಲಿಂದ ಅರ್ಧ ದಿನದಲ್ಲಿ ಬಸರಾಳಿಗೆ ಹೋಗಿಬರಬಹುದು. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಅಲ್ಲಿದೆ. ಬೇಲೂರು ಹಳೇಬೀಡಿನ ನೂಕುನುಗ್ಗಲಿಲ್ಲದೆ ಹೊಯ್ಸಳ ಶಿಲ್ಪವನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸುತ್ತಮುತ್ತ ವಿರಳ.

ಮದ್ದೂರು ಶಿಂಷಾ ನದಿಯ ಊರು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ಬರುವ ಶಿಂಷೆ ಮದ್ದೂರನ್ನು ಬಳಸಿಕೊಂಡು ಹೋಗಿ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ವೈದ್ಯನಾಥಪುರದ ಹಳೆಯ ದೇವಾಲಯ ಈ ನದಿಯ ದಡದಲ್ಲೇ ಇದೆ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರ ಪಟ್ಟಣಕ್ಕೆ ಅಂಟಿಕೊಂಡಿದೆ. ಅಲ್ಲಿನ ಸತ್ಯಾಗ್ರಹ ಸೌಧವನ್ನು ಹೆದ್ದಾರಿಯಿಂದ ನೋಡಿದವರು ಬಹಳ, ಒಳಹೊಕ್ಕವರು ಕಡಿಮೆ. ಮದ್ದೂರು ವಡೆಯ ವಿಷಯಕ್ಕೆ ಹೆಚ್ಚು ವಿವರಣೆ ಬೇಡ. ರೈಲು ನಿಲ್ದಾಣದಲ್ಲಿ ನೂರು ವರ್ಷಗಳ ಹಿಂದೆ ಆರಂಭವಾದ ಈ ರವೆ-ಈರುಳ್ಳಿಯ ವಡೆ ಊರಿನ ಹೆಸರನ್ನೇ ಹೊತ್ತು ದೇಶ ಸುತ್ತಿದೆ. ಬೈಪಾಸಿನಿಂದ ಇಳಿದು ಊರೊಳಗೆ ಬಂದು ತಿನ್ನುವ ತಾಳ್ಮೆ ಇದ್ದವರಿಗೆ ಅದು ಬಿಸಿಯಾಗಿಯೇ ಸಿಗುತ್ತದೆ.

ಮದ್ದೂರಿನ ಕಡೆ ತಂಗುವವರಿಗೆ ನಿಜವಾದ ಬಹುಮಾನ ಕೊಕ್ಕರೆಬೆಳ್ಳೂರು. ನಾಲೆ ಒಣಗುವ ತಿಂಗಳುಗಳಲ್ಲೇ ಈ ಊರು ತುಂಬಿರುತ್ತದೆ ಎಂಬುದು ವಿಶೇಷ. ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು, ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲ ಕಾಲಿಡುವ ಹೊತ್ತಿಗೆ ಹಾರಿಹೋಗುತ್ತವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನೋಡಲು ಒಳ್ಳೆಯ ಕಾಲ. ನದಿಯ ದಡದಲ್ಲಿದ್ದ ಹಳೆಯ ಊರನ್ನು ಪ್ಲೇಗಿನ ಹಾವಳಿಗೆ ಬಿಟ್ಟು ಜನ ಹೊಸ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂಬುದು ಊರಿನವರ ನೆನಪು. ಇವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬ ಭಾವನೆ ಅಲ್ಲಿದೆ. ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಭಾವನೆಯ ಜೊತೆಗೆ ಲೆಕ್ಕವೂ ಇದೆ. ಗೂಡಿರುವ ಹುಣಸೆ ಮರದ ಕಾಯಿಯನ್ನು ಕೆಡವುವಂತಿಲ್ಲ, ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮರದಡಿ ಬೀಳುವ ಹಿಕ್ಕೆ ಗದ್ದೆಗೆ ಒಳ್ಳೆಯ ಗೊಬ್ಬರ. ಹಕ್ಕಿಗಳು ಮೀನಿಗಾಗಿ ಹೋಗುವುದು ಸುತ್ತಲಿನ ಕೆರೆಗಳಿಗೆ, ಶಿಂಷೆಗೆ. ಕೆರೆ ಬತ್ತಿದ ವರ್ಷ ಗೂಡುಗಳೂ ಕಡಿಮೆ. 2017ರ ಡಿಸೆಂಬರ್‌ನಿಂದ ಮುಂದಿನ ಕೆಲವು ತಿಂಗಳಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ ಹೊಟ್ಟೆಯೊಳಗಿನ ಜಂತುಹುಳುಗಳು ಕಾರಣವೆಂದು ಪರೀಕ್ಷೆಯಿಂದ ತಿಳಿದುಬಂದಿತು. ಹಕ್ಕಿಗಳು ತಿನ್ನುವ ಮೀನಿನ ಮೇಲೆ, ಆ ಮೀನು ಬೆಳೆಯುವ ನೀರಿನ ಮೇಲೆ ಸಂಶಯ ಹರಿಯಿತು. ಇಂತಹ ಊರಿಗೆ ಹೋಗುವವರು ಗೂಡಿನ ಕೆಳಗೆ ಗದ್ದಲ ಮಾಡುವುದು, ಡ್ರೋನ್ ಹಾರಿಸುವುದು, ಚಿತ್ರಕ್ಕಾಗಿ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವುದು ಅಕ್ಷಮ್ಯ. ಬೆದರಿದ ತಾಯಿ ಹಾರಿದರೆ ಬಿಸಿಲಿಗೆ ಒಡ್ಡಿಕೊಳ್ಳುವುದು ಮರಿ. ಇದು ಮೃಗಾಲಯವಲ್ಲ, ಜನರ ಮನೆಯಂಗಳ ಎಂಬುದೂ ನೆನಪಿನಲ್ಲಿರಬೇಕು.

ಮಳವಳ್ಳಿ: ಜಲಪಾತವೂ ಸುಳಿಯೂ

ಮಳವಳ್ಳಿಗೆ ರೈಲಿಲ್ಲ. ಬೆಂಗಳೂರಿನವರು ಕನಕಪುರ, ಹಲಗೂರಿನ ಮೂಲಕ, ಮೈಸೂರಿನವರು ಬನ್ನೂರಿನ ಮೂಲಕ ಬರುವುದು ವಾಡಿಕೆ. ಬನ್ನೂರಿನ ಹಾದಿಯಲ್ಲಿ ಬರುವವರು ಕಿರುಗಾವಲನ್ನು ದಾಟಿಯೇ ಬರಬೇಕು. ಅಲ್ಲಿ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ. ‘ಬಡಾ ಬಾಗ್’ ಎಂಬ ಹಳೆಯ ಮಾವಿನ ತೋಪೂ ಅವರ ಕುಟುಂಬದ್ದು. ಒಂದೇ ಹೊಲದಲ್ಲಿ ಕೆಂಪು, ಕಪ್ಪು, ಹೊಂಬಣ್ಣದ ತೆನೆಗಳು ಅಕ್ಟೋಬರ್-ನವೆಂಬರ್‌ನಲ್ಲಿ ಒಟ್ಟಿಗೆ ನಿಂತಿರುವುದನ್ನು ನೋಡಬೇಕು. ಅದು ದುಡಿಯುವ ಹೊಲ. ಮೊದಲೇ ಒಪ್ಪಿಗೆ ಪಡೆದು ಹೋಗುವುದು ಕ್ರಮ.

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ಧುಮುಕುತ್ತದೆ. ಗಗನಚುಕ್ಕಿ ಮಳವಳ್ಳಿಯ ಕಡೆಗೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕಡೆಗೆ. ಇಲ್ಲಿಯೂ ನೀರಿನ ಲೆಕ್ಕವೇ ಮುಖ್ಯ. 1902ರಲ್ಲಿ ಇಲ್ಲಿನ ವಿದ್ಯುದಾಗಾರದಿಂದ ಸುಮಾರು 90 ಮೈಲಿ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆ ಕಾಲದಿಂದಲೂ ನದಿಯ ನೀರಿನ ಒಂದು ಪಾಲು ವಿದ್ಯುತ್ತಿಗೆ ತಿರುಗುತ್ತದೆ. ಮಿಕ್ಕಿದ್ದು ಮಾತ್ರ ಬಂಡೆಯ ಮೇಲಿನಿಂದ ಬೀಳುತ್ತದೆ. ಅಣೆಕಟ್ಟೆಗಳಿಂದ ನದಿಗೆ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ, ಬಹುತೇಕ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಗಗನಚುಕ್ಕಿಯ ಅಬ್ಬರವನ್ನು ಮಾತಿನಲ್ಲಿ ಹೇಳಲಾಗದು. ಫೆಬ್ರುವರಿಯಲ್ಲಿ ಬಂದವರಿಗೆ ಕಾಣುವುದು ಬಂಡೆಗಳೇ.

ಹಲಗೂರಿನಿಂದ ಕಾಡಿನೊಳಗೆ ಇಳಿದರೆ ಮುತ್ತತ್ತಿ. ಸೀತೆ ಹೊಳೆಯಲ್ಲಿ ಕಳೆದುಕೊಂಡ ಮುತ್ತನ್ನು ಹನುಮಂತ ಬಾಲದಿಂದ ಎತ್ತಿಕೊಟ್ಟನೆಂಬ ಕಥೆಯಿಂದ ಊರಿಗೆ ಆ ಹೆಸರು. ಸ್ವಲ್ಪ ದೂರದ ಭೀಮೇಶ್ವರಿಯಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ. ಎರಡೂ ಕಾವೇರಿ ವನ್ಯಧಾಮದ ಆಸುಪಾಸು. ಆನೆಗಳ ಓಡಾಟವಿರುವ ಈ ದಾರಿಯಲ್ಲಿ ಕತ್ತಲಾದ ಮೇಲೆ ಸಂಚಾರ ಸಲ್ಲದು.

ಇನ್ನೂ ಕಠಿಣವಾಗಿ ಹೇಳಬೇಕಾದ ಮಾತು ಹೊಳೆಯ ಕುರಿತು. ಮುತ್ತತ್ತಿಯಲ್ಲಿ ಕಾವೇರಿ ಮೇಲ್ನೋಟಕ್ಕೆ ಶಾಂತ; ಕೆಳಗೆ ಬಂಡೆಗಳ ನಡುವೆ ಸುಳಿಗಳು, ಮರಳು ತೆಗೆದ ಗುಂಡಿಗಳು. ಈಜು ಬಲ್ಲವರೂ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ನಗರದಿಂದ ಬಂದ ಯುವಕರು ಎಂಬುದು ಸುದ್ದಿ ಓದುವವರಿಗೆ ಹೊಸದಲ್ಲ. ನಾಲೆ ಇನ್ನೂ ಮೋಸದ್ದು. ನೇರವಾಗಿ, ಸದ್ದಿಲ್ಲದೆ ಹರಿಯುವುದರಿಂದ ಅದು ಈಜುಕೊಳದಂತೆ ಕಾಣುತ್ತದೆ. ಆದರೆ ಕಲ್ಲು-ಕಾಂಕ್ರೀಟಿನ ಇಳಿಜಾರು ದಡದಲ್ಲಿ ಪಾಚಿ ಕಟ್ಟಿರುತ್ತದೆ, ಹಿಡಿಯಲು ಏನೂ ಇರುವುದಿಲ್ಲ, ಸೆಳೆತ ತೂಬಿನ ಕಡೆಗೆ ಒಯ್ಯುತ್ತದೆ. ಕಾಲು ತೊಳೆಯಲು ಇಳಿದವರನ್ನು ಉಳಿಸಲು ಹೋಗಿ ಮತ್ತಿಬ್ಬರು ಮುಳುಗುವುದು ಇಂತಹ ಕಡೆಯೇ.

ನಾಲೆಯ ಏರಿಯ ಮೇಲಿನ ರಸ್ತೆಯೂ ಅಷ್ಟೇ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರು ನಾಲೆಗೆ ಬಿದ್ದು ಐವರು ಪ್ರಾಣ ಬಿಟ್ಟರು. ತಡೆಗೋಡೆಯ ಬೇಡಿಕೆ ಪ್ರತಿ ದುರಂತದ ಬಳಿಕ ಏಳುತ್ತದೆ. ಹೊಸಬರಿಗೆ ಹೇಳಬಹುದಾದದ್ದು ಇಷ್ಟು: ಫೋನಿನ ನಕ್ಷೆ ಹತ್ತಿರದ ದಾರಿಯೆಂದು ನಾಲೆಯ ಏರಿಯನ್ನು ತೋರಿಸಿದರೆ ಸುತ್ತುದಾರಿಯನ್ನೇ ಹಿಡಿಯಬೇಕು, ಅದರಲ್ಲೂ ಕತ್ತಲೆಯಲ್ಲಿ. ಮಕ್ಕಳಿರುವ ಕುಟುಂಬ ಮನೆ ಗೊತ್ತುಮಾಡುವಾಗ ನಾಲೆ ಎಷ್ಟು ದೂರ, ನಡುವೆ ಬೇಲಿಯಿದೆಯೇ ಎಂದು ಕೇಳಲು ಸಂಕೋಚಪಡಬಾರದು. ‘ನಾಲೆಗೆ ಮುಖ ಮಾಡಿದ ಕೊಠಡಿ’ ಎಂಬ ಜಾಹೀರಾತು ಆಕರ್ಷಣೆಯೂ ಹೌದು, ಎಚ್ಚರಿಕೆಯೂ ಹೌದು.

ಆಲೆಮನೆ, ಊಟ, ಇತರೆ

ಹಳ್ಳಿಯಲ್ಲಿ ತಂಗಿದವರು ಒಂದು ಬೆಳಗನ್ನು ಆಲೆಮನೆಗೆ ಮೀಸಲಿಡುವುದು ಒಳಿತು. ಗಾಣದಿಂದ ಇಳಿದ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮೇಲೇಳುವ ಕೊಳೆಯನ್ನು ತೆಗೆಯುತ್ತಾರೆ. ಹಿಂದೆ ಅದಕ್ಕೆ ಬೆಂಡೆ ಗಿಡದ ಲೋಳೆ ಬಳಸುತ್ತಿದ್ದರು. ಈಗ ಬೆಲ್ಲಕ್ಕೆ ಹಳದಿ ಹೊಳಪು ಬರಲೆಂದು ರಾಸಾಯನಿಕ ಹಾಕುವವರೂ ಇದ್ದಾರೆ. ಕೊಳ್ಳುವವರು ಹೊಳಪಿಗೆ ಮರುಳಾಗುವುದೇ ಅದಕ್ಕೆ ಕಾರಣ. ಕಪ್ಪಗಿನ, ಕಂದು ಬಣ್ಣದ ಬೆಲ್ಲ ಕೇಳಿ ಪಡೆಯಬಹುದು. ಕೆಲಸಗಾರರಲ್ಲಿ ಉತ್ತರ ಪ್ರದೇಶದಿಂದ ಬಂದವರೂ ಸಿಗುತ್ತಾರೆ, ಹಿಂದಿ ಕೇಳಿ ಅಚ್ಚರಿಪಡಬೇಕಿಲ್ಲ. ಕೊಪ್ಪರಿಗೆಯ ಬಳಿ ಮಕ್ಕಳನ್ನು ಬಿಡಬಾರದು. ಕಬ್ಬಿನ ಗದ್ದೆಯೊಳಗೆ ನುಗ್ಗಿ ಚಿತ್ರ ತೆಗೆಯುವುದೂ ಬೇಡ. ಈಚಿನ ವರ್ಷಗಳಲ್ಲಿ ಅಲ್ಲಿ ಚಿರತೆಗಳು ಮರಿ ಹಾಕಿರುವುದು ಜಿಲ್ಲೆಯಲ್ಲಿ ಆಗಾಗ ವರದಿಯಾಗಿದೆ.

ಊಟದ ವಿಷಯದಲ್ಲಿ ಮಂಡ್ಯದವರಿಗೆ ಸಂಕೋಚವಿಲ್ಲ. 2024ರ ಡಿಸೆಂಬರ್‌ನಲ್ಲಿ ಇಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂಬ ಬೇಡಿಕೆಯೇ ಚಳವಳಿಯಾಯಿತು. ಜನ ‘ಬನ್ನೂರು ಕುರಿ’ ಎಂದು ಕರೆಯುವ ಗಿಡ್ಡ ತಳಿಯ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು. ಆದರೆ ಪ್ರತಿ ಹೊತ್ತೂ ಬಾಡೂಟ ಕೇಳಿದರೆ ನಷ್ಟ ಕೇಳಿದವರಿಗೇ. ಬಸ್ಸಾರು, ಉಪ್ಸಾರು, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆಯ ಸಾರು ಹೋಟೆಲಿನಲ್ಲಿ ಸಿಗುವುದು ಅಪರೂಪ. ಮನೆಯವರು ತಮಗಾಗಿ ಮಾಡಿದ್ದನ್ನೇ ಬಡಿಸಲು ಹೇಳುವುದು ಜಾಣತನ. ಎಷ್ಟು ಜನ, ಯಾವ ಹೊತ್ತಿನ ಊಟ ಎಂಬುದನ್ನು ಹಿಂದಿನ ದಿನವೇ ತಿಳಿಸಬೇಕು.

ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಮನೆಯ ಮಾಲೀಕರು ಅಲ್ಲಿಯೇ ವಾಸವಿರಬೇಕೆಂಬುದು ಆ ವ್ಯವಸ್ಥೆಯ ತಿರುಳು. ಮುಂಗಡ ಹಣ ಕಳಿಸುವ ಮುನ್ನ ನೋಂದಣಿ ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು. ರಾತ್ರಿಯಿಡೀ ಧ್ವನಿವರ್ಧಕ ಹಾಕಲು ಅವಕಾಶ ಕೊಡುವ ತೋಟದ ಮನೆಗಳೂ ಇವೆ. ಅಂಥಲ್ಲಿ ಹಳ್ಳಿಯ ಮೌನ ಹುಡುಕುವುದು ವ್ಯರ್ಥ, ಬೆಳಗಿನ ಜಾವ ಹಾಲು ಕರೆಯಲು ಏಳಬೇಕಾದ ನೆರೆಮನೆಯವರಿಗೂ ಅದು ಶಿಕ್ಷೆ.

ಕಾರಿಲ್ಲದವರು ಬೆಂಗಳೂರು ಅಥವಾ ಮೈಸೂರಿನಿಂದ ರೈಲಿನಲ್ಲಿ ಮದ್ದೂರು ಇಲ್ಲವೆ ಮಂಡ್ಯದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿಯಬಹುದು. ಮದ್ದೂರಿನಿಂದ ಮಳವಳ್ಳಿಗೆ ಭಾರತೀನಗರದ ಮೂಲಕ ಹೋಗುವ ರಸ್ತೆ ಗದ್ದೆಗಳ ನಡುವೆಯೇ ಸಾಗುತ್ತದೆ. ದ್ವಿಚಕ್ರ ವಾಹನದವರು 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ಪಥಗಳನ್ನು ಬಳಸುವಂತಿಲ್ಲ. ಪಕ್ಕದ ಸರ್ವಿಸ್ ರಸ್ತೆ, ಹಳೆಯ ಹೆದ್ದಾರಿಯೇ ಅವರಿಗೆ ಗತಿ. ನಿಧಾನವಾದರೂ ಊರುಗಳನ್ನು ಹಾದು ಬರುವ ದಾರಿ ಅದೇ. ಹೊರಡುವ ಹಿಂದಿನ ದಿನ ಮನೆಯವರಿಗೆ ಫೋನ್ ಮಾಡಿದಾಗ ಬಿಸಿನೀರು, ವೈಫೈ ಇದೆಯೇ ಎಂದು ಕೇಳುವುದರ ಜೊತೆಗೆ ನಾಲೆಯಲ್ಲಿ ಈಗ ನೀರಿದೆಯೇ, ಕಟ್ಟು ಯಾವಾಗ, ಗದ್ದೆಯಲ್ಲಿ ಯಾವ ಕೆಲಸ ನಡೆಯುತ್ತಿದೆ ಎಂದೂ ಕೇಳಿದರೆ ಅವರು ಬೇಸರಿಸುವುದಿಲ್ಲ. ಮೂರು ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ತಡವರಿಸದೆ ಉತ್ತರ ಸಿಗುವ ಪ್ರಶ್ನೆಗಳು ಇವೇ.